ವರ್ಲ್ಡ್ ಜೂನಿಯರ್ಸ್: ಸೋತ ಟೀಮಿಗೂ ಒಂದು ಪಾಯಿಂಟ್ ಯಾಕೆ?

ವರ್ಲ್ಡ್ ಜೂನಿಯರ್ಸ್, ಅಂದ್ರೆ ಇಪ್ಪತ್ತರೊಳಗಿನ ಹುಡುಗ್ರ ಐಸ್ ಹಾಕಿ ವಿಶ್ವ ಚಾಂಪಿಯನ್‌ಶಿಪ್‌ನ ಪಾಯಿಂಟ್ ಟೇಬಲ್‌ನಲ್ಲಿ ಸೋತಿರೋ ಟೀಮ್ ಹೆಸರಿನ ಮುಂದೆ ಒಂದು ಪಾಯಿಂಟ್ ಕಾಣಿಸ್ತಿದೆ, ಟೇಬಲ್ ತಪ್ಪಾ ಅಂತ ಕೇಳಿದ್ರಲ್ಲ, ತಪ್ಪಿಲ್ಲ ಸರ್, ಸರಿಯಾಗೇ ಇದೆ. ಅರವತ್ತು ನಿಮಿಷದೊಳಗೆ ಗೆದ್ರೆ 3 ಪಾಯಿಂಟ್. ಸಮ ಆಗಿ ಓವರ್‌ಟೈಮ್‌ಗೋ (ಹೆಚ್ಚುವರಿ ಆಟ) ಶೂಟೌಟ್‌ಗೋ (ಒಬ್ಬೊಬ್ಬರೇ ಬಂದು ಗೋಲ್‌ಕೀಪರ್ ಎದುರು ಹೊಡೆಯೋದು) ಹೋದ್ರೆ ಅದೇ ಮೂರನ್ನ ಹಂಚ್ತಾರೆ, ಗೆದ್ದೋರಿಗೆ 2, ಸೋತೋರಿಗೆ 1. ನಂಗಂತೂ ಇದು ನ್ಯಾಯ ಅನ್ಸುತ್ತೆ, ಪೂರ್ತಿ ಮ್ಯಾಚ್ ಸರಿಸಮ ಆಡಿರೋ ಹುಡುಗ್ರನ್ನ ಬರಿಗೈಲಿ ಕಳಿಸಬಾರ್ದು.

ಆ ಒಂದು ಪಾಯಿಂಟ್ ಚಿಕ್ಕದಲ್ಲ ಮತ್ತೆ. ಹತ್ತು ಟೀಮ್, ಐದೈದರ ಎರಡು ಗುಂಪು, ಒಂದೊಂದು ಗುಂಪಿಂದ ಮೊದಲ ನಾಲ್ಕು ಟೀಮ್ ಕ್ವಾರ್ಟರ್ ಫೈನಲ್‌ಗೆ ಹೋಗುತ್ತೆ, ಐದನೇದು ಕೆಳಗಿನ ಡಿವಿಷನ್‌ಗೆ ಬೀಳದ ಹಾಗೆ ಒದ್ದಾಡ್ಬೇಕು.

ಫೈನಲ್‌ನಲ್ಲಿ ಮಾತ್ರ ಶೂಟೌಟ್ ಇಲ್ಲ, ಗೋಲ್ ಬರೋವರೆಗೂ ಆಡ್ತಾನೇ ಇರ್ಬೇಕು, ಅದೂ ಗೋಲ್‌ಕೀಪರ್ ಬಿಟ್ಟು ಮೂರು ಮೂರೇ ಜನ, ಹಾಗಾಗಿ ಐಸ್ ಮೇಲೆ ಎಲ್ಲಿ ನೋಡಿದ್ರೂ ಖಾಲಿ ಜಾಗ. 2022ರ ಫೈನಲ್ ಸಿಕ್ರೆ ದಯವಿಟ್ಟು ನೋಡಿ, ಕೋವಿಡ್‌ನಿಂದ ಮುಂದಕ್ಕೆ ಹೋಗಿ ಆಗಸ್ಟ್‌ನಲ್ಲಿ ಎಡ್ಮಂಟನ್‌ನಲ್ಲಿ ಆಗಿದ್ದು, ಕೆನಡಾ-ಫಿನ್ಲೆಂಡ್ 2-2. ಓವರ್‌ಟೈಮಲ್ಲಿ ಪಕ್ (ಚೆಂಡಿನ ಬದಲು ಆಡೋ ರಬ್ಬರ್ ಬಿಲ್ಲೆ) ಗಾಳಿಲಿ ಹಾರಿ ಗೋಲ್‌ಕೀಪರ್‌ನ ದಾಟಿ ಕೆನಡಾ ಗೋಲ್ ಗೆರೆ ಮೇಲೆ ಬೀಳ್ತಿತ್ತು, ಕೆನಡಾ ಕ್ಯಾಪ್ಟನ್ ಮೇಸನ್ ಮ್ಯಾಕ್‌ಟ್ಯಾವಿಶ್ ಸ್ಟಿಕ್ಕಲ್ಲಿ ಆಚೆ ಬಡಿದು ಉಳಿಸಿದ, ಸ್ವಲ್ಪ ಹೊತ್ತಿಗೇ ಕೆನಡಾದವನೇ ಆದ ಕೆಂಟ್ ಜಾನ್ಸನ್ ಆ ಕಡೆ ಗೋಲ್ ಹೊಡೆದು ಮುಗಿಸೇ ಬಿಟ್ಟ! ಎಲ್ಲಾ ಇಪ್ಪತ್ತರ ಆಸುಪಾಸಿನ ಹುಡುಗ್ರು, ಫಿನ್ಲೆಂಡ್‌ನೋರ ಮುಖ ನೋಡಕ್ಕಾಗ್ಲಿಲ್ಲ ನಂಗೆ.

ಮಾಮೂಲಿಯಾಗಿ ಡಿಸೆಂಬರ್ 26ಕ್ಕೆ ಶುರುವಾಗುತ್ತೆ, ಮೊದಲ ದಿನದಿಂದಲೇ ಪಾಯಿಂಟ್ ಲೆಕ್ಕ ಇಟ್ಕೊಂಡು ನೋಡಿ, ಮಜಾನೇ ಬೇರೆ.