ಓದುಗರ ಪ್ರಶ್ನೆ: ‘ಕರೆಂಟ್’ ಅಳೆಯುವವರ ಕಲಿಕೆ

ಪ್ರಶ್ನೆ: ನನ್ನ ಮಗಳು ಭೌತಶಾಸ್ತ್ರ ಎಂ.ಎಸ್ಸಿ.ಯ ಕೊನೆಯ ವರ್ಷದಲ್ಲಿದ್ದಾಳೆ. ಕ್ಯಾನ್ಸರ್ ಆಸ್ಪತ್ರೆಯಲ್ಲಿ ‘ಕರೆಂಟ್’, ಅಂದರೆ ವಿಕಿರಣ ಚಿಕಿತ್ಸೆಯ ಪ್ರಮಾಣವನ್ನು ಅಳೆದು ಲೆಕ್ಕಹಾಕುವ ಮೆಡಿಕಲ್ ಫಿಸಿಸಿಸ್ಟ್ ಆಗಬೇಕೆಂಬುದು ಅವಳ ಆಸೆ. ವಿಕಿರಣದ ನಡುವೆ ದುಡಿದರೆ ಮುಂದೆ ಮಕ್ಕಳಾಗುವಾಗ ತೊಂದರೆಯಾದೀತೆಂದು ಮನೆಯ ಹಿರಿಯರು ಹೆದರುತ್ತಾರೆ. ಹತ್ತನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳೆಂಬ ಅಳುಕು ನನಗೆ. ಯಾವ ತರಬೇತಿ ಬೇಕು?
— ಓದುಗರೊಬ್ಬರು, ಬದಿಯಡ್ಕ

ಉತ್ತರ: ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ನಿಯಮದಂತೆ ಭೌತಶಾಸ್ತ್ರದ ಸ್ನಾತಕೋತ್ತರ ಪದವಿಯ ಮೇಲೆ ವಿಕಿರಣ ಭೌತಶಾಸ್ತ್ರದ ಡಿಪ್ಲೊಮಾ, ಜೊತೆಗೆ ಸುಸಜ್ಜಿತ ರೇಡಿಯೋಥೆರಪಿ (ವಿಕಿರಣ ಚಿಕಿತ್ಸೆ) ವಿಭಾಗದಲ್ಲಿ ಕನಿಷ್ಠ 12 ತಿಂಗಳ ಇಂಟರ್ನ್‌ಶಿಪ್ ಆಗಬೇಕು. ಮುಂಬಯಿಯ ಭಾಭಾ ಪರಮಾಣು ಸಂಶೋಧನಾ ಕೇಂದ್ರವು ಈ ಡಿಪ್ಲೊಮಾವನ್ನು 1962ರಿಂದ ನಡೆಸುತ್ತಿದೆ. ಮಣಿಪಾಲದಲ್ಲಿಯೂ ಕಲ್ಲಿಕೋಟೆ ವಿಶ್ವವಿದ್ಯಾಲಯದಲ್ಲಿಯೂ ಇರುವ ವಿಕಿರಣ ಭೌತಶಾಸ್ತ್ರದ ಎಂ.ಎಸ್ಸಿ. ಬಿ.ಎಸ್ಸಿ. ಮುಗಿಸಿದವರಿಗೆ ಒಪ್ಪುವಂಥದು, ನಿಮ್ಮ ಮಗಳಿಗೆ ಡಿಪ್ಲೊಮಾವೇ ಹತ್ತಿರದ ದಾರಿ. ವಿಕಿರಣ ಸುರಕ್ಷತಾ ಅಧಿಕಾರಿಯಾಗಲು ಆಮೇಲೆ ಬೇರೆ ಪರೀಕ್ಷೆಯಿದೆ.

ಹಿರಿಯರ ಹೆದರಿಕೆಗೆ ಅಂಕಿಗಳಲ್ಲೇ ಉತ್ತರಿಸುತ್ತೇನೆ. ಇಂಥ ಕೆಲಸಗಾರರಿಗೆ ಐದು ವರ್ಷಗಳ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್ (ಮೈಗೆ ತಗಲುವ ವಿಕಿರಣದ ಅಳತೆ), ಯಾವುದೇ ಒಂದು ವರ್ಷದಲ್ಲಿ 30 ಮಿಲಿಸೀವರ್ಟ್ ಮೀರಬಾರದೆಂಬುದು ಮಿತಿ. ಗರ್ಭಿಣಿಯೆಂದು ತಿಳಿಸಿದ ಮೇಲೆ ಭ್ರೂಣಕ್ಕೆ ತಗಲುವುದು 1 ಮಿಲಿಸೀವರ್ಟ್ ದಾಟದಂತೆ ಕೆಲಸವನ್ನು ಹೊಂದಿಸಿಕೊಡಬೇಕು. ತಗಲಿದ ವಿಕಿರಣವನ್ನು ದಾಖಲಿಸಲು ಎದೆಗೆ ಸಿಕ್ಕಿಸಿಕೊಳ್ಳುವ ಟಿಎಲ್‌ಡಿ ಬ್ಯಾಡ್ಜನ್ನು ಮೂರು ತಿಂಗಳಿಗೊಮ್ಮೆ ಪ್ರಯೋಗಾಲಯಕ್ಕೆ ಕಳಿಸಿ ಲೆಕ್ಕ ಇಡುತ್ತಾರೆ. ಸುಮ್ಮನೆ ಬದುಕುವುದರಿಂದಲೇ ಮನುಷ್ಯನಿಗೆ ನಿಸರ್ಗದಿಂದ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ಸಿಗುತ್ತದೆ; ನಮ್ಮದೇ ಕೇರಳದ ಕರುನಾಗಪ್ಪಳ್ಳಿ ಕಡಲತೀರದಲ್ಲಿ, ಅಲ್ಲಿನ ವಿಕಿರಣ ಸೂಸುವ ಮೊನಜೈಟ್ ಮರಳಿನ ದೆಸೆಯಿಂದ, ಅದಕ್ಕಿಂತ ಹೆಚ್ಚು.

ನಿಜಕ್ಕೂ ಅಂಜಬೇಕಾದದ್ದು ಬೇರೊಂದಕ್ಕೆ, ತಪ್ಪು ಲೆಕ್ಕಕ್ಕೆ. 1996ರಲ್ಲಿ ಕೋಸ್ಟರಿಕದ ಸಾನ್ ಹೊಸೆಯಲ್ಲಿ ಚಿಕಿತ್ಸೆಯ ಕೋಬಾಲ್ಟ್ ಯಂತ್ರಕ್ಕೆ ವಿಕಿರಣ ಸೂಸುವ ಹೊಸ ಆಕರವನ್ನು ಹಾಕಿ ಅಳೆಯುವಾಗ 0.3 ನಿಮಿಷವನ್ನು 30 ಸೆಕೆಂಡು ಎಂದು ಓದಿಕೊಂಡರು. ಅದು 18 ಸೆಕೆಂಡು. ಆಕರದ ಶಕ್ತಿ ಇದ್ದುದಕ್ಕಿಂತ ಕಡಿಮೆಯೆಂದು ಬರೆದಿಟ್ಟು ಹೆಚ್ಚು ಹೊತ್ತು ಚಿಕಿತ್ಸೆ ಕೊಟ್ಟಿದ್ದರಿಂದ 115 ರೋಗಿಗಳಿಗೆ ಒಂದೂವರೆ ಪಟ್ಟಿಗೂ ಮಿಗಿಲಾದ ವಿಕಿರಣ ಬಿತ್ತು. ಇನ್ನೊಬ್ಬರು ಬೇರೆಯಾಗಿ ಅಳೆದು ನೋಡಿದ್ದರೆ ಅಂದೇ ಸಿಕ್ಕಿಬೀಳುತ್ತಿದ್ದ ತಪ್ಪು ಅದು. ಆದ್ದರಿಂದ ಇಂಟರ್ನ್‌ಶಿಪ್ಪಿಗೆ ಜಾಗ ಹುಡುಕುವಾಗ ಯಂತ್ರ ಎಷ್ಟು ಹೊಸದು ಎಂದು ವಿಚಾರಿಸುವುದಕ್ಕಿಂತ, ಕಲಿಯುವವರ ಕೈಗೆ ವಿಕಿರಣ ಅಳೆಯುವ ಅಯಾನ್ ಚೇಂಬರ್ ಕೊಡುತ್ತಾರೆಯೇ, ಒಬ್ಬರ ಲೆಕ್ಕವನ್ನು ಇನ್ನೊಬ್ಬರು ಪರಿಶೀಲಿಸುವ ಪದ್ಧತಿ ಅಲ್ಲಿ ಇದೆಯೇ ಎಂದು ಕೇಳಿಸಿ. ಬರೀ ನೋಡುತ್ತ ನಿಂತು ಕಳೆದ 12 ತಿಂಗಳು ಪ್ರಮಾಣಪತ್ರಕ್ಕಷ್ಟೇ ಆಗುತ್ತದೆ.

ಭಾಷೆಯ ಅಳುಕನ್ನು ಬಿಡಿ. ಎಡ ಸ್ತನದ ಚಿಕಿತ್ಸೆಯಲ್ಲಿ ಹೃದಯ ದೂರ ಸರಿಯಲೆಂದು ರೋಗಿಯಿಂದ ಉಸಿರು ಹಿಡಿಸುವ ಕ್ರಮವಿದೆ. ಅದನ್ನು ಕನ್ನಡ, ತುಳು, ಮಲಯಾಳಗಳಲ್ಲಿ ತಿಳಿಯಹೇಳಬಲ್ಲ ಕಾಸರಗೋಡಿನ ಹುಡುಗಿ ಯಾವ ವಿಭಾಗಕ್ಕೂ ಬೇಕಾದವಳೇ.

ಪ್ರಶ್ನೆ: ಯಜಮಾನರಿಗೆ ‘ಕರೆಂಟ್’ ಕೊಡಿಸಲು ದಿನವೂ ಬೆಳಗಿನ ರೈಲಿನಲ್ಲಿ ಮಂಗಳೂರಿಗೆ ಹೋಗುತ್ತೇವೆ. ಹೋದರೆ ‘ಮೆಷಿನ್ ಚೆಕ್ ಆಗುತ್ತಿದೆ’ ಎಂದು ಕೂರಿಸುತ್ತಾರೆ. ದಿನವೂ ಕೆಡುವ ಯಂತ್ರವೇ ಅದು?
— ಓದುಗರೊಬ್ಬರು, ಕುಂಬಳೆ

ಉತ್ತರ: ಕೆಡುವುದಲ್ಲ ತಾಯಿ, ಕೆಟ್ಟಿಲ್ಲವೆಂದು ಖಚಿತಪಡಿಸಿಕೊಳ್ಳುವುದು. ಮೊದಲ ರೋಗಿಯನ್ನು ಮಲಗಿಸುವ ಮುನ್ನ ಯಂತ್ರದಿಂದ ಹೊರಡುವ ವಿಕಿರಣದ ಪ್ರಮಾಣವನ್ನೂ ಗುರಿ ಹಿಡಿಯುವ ಲೇಸರ್ ಗೆರೆಗಳನ್ನೂ ಬಾಗಿಲು ತೆರೆದೊಡನೆ ವಿಕಿರಣ ನಿಲ್ಲುವ ಇಂಟರ್‌ಲಾಕನ್ನೂ ಪರೀಕ್ಷಿಸುತ್ತಾರೆ. ಲಿನಾಕ್ ಎಂಬ, ವಿದ್ಯುತ್ತಿನಿಂದ ವಿಕಿರಣ ಹುಟ್ಟಿಸುವ ಯಂತ್ರದಲ್ಲಿ ನಿತ್ಯದ ಪ್ರಮಾಣ ಸಾಮಾನ್ಯವಾಗಿ ಶೇ. 3ಕ್ಕಿಂತ ಹೆಚ್ಚು ಆಚೀಚೆ ಆಗಬಾರದು. ಹಾಗೇನಾದರೂ ಆದರೆ, ಕಾರಣ ತಿಳಿಯುವವರೆಗೆ ಚಿಕಿತ್ಸೆ ನಿಲ್ಲಬೇಕು. ನನ್ನ ಕೆಲಸದ ದಿನಗಳಲ್ಲಿ ಹೊರಗೆ ಕಾಯುವವರ ಗೊಣಗಾಟ ಕೇಳಿಸುತ್ತಿದ್ದರೂ ಅವಸರ ಮಾಡುವಂತಿರಲಿಲ್ಲ. ಅಷ್ಟಾದರೂ ಎಷ್ಟು ಹೊತ್ತಾಗುತ್ತದೆಂದು ಹೇಳದೆ ಕೂರಿಸುವುದು ಸರಿಯಲ್ಲ. ಕಾಸರಗೋಡು ಕಡೆಯಿಂದ ರೈಲಿನಲ್ಲಿ ಬರುತ್ತೇವೆಂದು ತಿಳಿಸಿ, ಒಂದು ಗಂಟೆ ತಡವಾದ ಸಮಯವನ್ನು ಬರೆಸಿಕೊಳ್ಳಿ.