ಪ್ರಥಮ ಪಿಯುಸಿ: ಮೋಲ್ ಲೆಕ್ಕ ತಲೆಗೆ ಹತ್ತುತ್ತಿಲ್ಲ. ಸೂತ್ರ ಉರು ಹೊಡೆಯಲೇ, ಟ್ಯೂಷನ್ ಸೇರಲೇ?

ಎರಡೂ ಬೇಡ. ನಾನು ಉರು ಹೊಡೆದೇ ಪಾಸಾದವನು. ಮೋಲ್ ಅಂದರೆ ಕಣಗಳ ಒಂದು ನಿಗದಿತ ಎಣಿಕೆ, ಮೋಲಾರ್ ರಾಶಿ ಅಂದರೆ ಅಷ್ಟು ಕಣಗಳ ತೂಕ. ತೂಕ ಭಾಗಿಸು ಮೋಲಾರ್ ರಾಶಿ, ಅಷ್ಟೇ ಮಂತ್ರ. ಪಿಯುಸಿಯಲ್ಲೂ ಬಿಎಸ್‌ಸಿಯಲ್ಲೂ ಒಳ್ಳೆಯ ಅಂಕ ಬಂತು. ಪೆಟ್ಟು ತಿಂದದ್ದು ಮೊದಲ ಕೆಲಸದಲ್ಲಿ.

ನಮ್ಮದು ಚಿಕ್ಕಬಳ್ಳಾಪುರದ ಹತ್ತಿರದ ಹಳ್ಳಿ, ದ್ರಾಕ್ಷಿ ತೋಟ. ಬೂಜು ತುಪ್ಪಟ ರೋಗಕ್ಕೆ ಅಪ್ಪ ಬೋರ್ಡೋ ದ್ರಾವಣ ಕಲಸುತ್ತಿದ್ದರು: ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಮೈಲುತುತ್ತ ಅಂದರೆ ಕಾಪರ್ ಸಲ್ಫೇಟ್. ಚಿಕ್ಕಂದಿನಿಂದ ಮುಟ್ಟಿ ನೋಡಿದ ಆ ನೀಲಿ ಹರಳಿನಲ್ಲೇ ಎಡವಿದೆ.

ಕಾರ್ಖಾನೆಯೊಂದರ ಲ್ಯಾಬ್‌ನಲ್ಲಿ 0.1 ಮೋಲಾರ್ (ಲೀಟರಿಗೆ 0.1 ಮೋಲ್) ಕಾಪರ್ ಸಲ್ಫೇಟ್ ದ್ರಾವಣ ಒಂದು ಲೀಟರ್ ಮಾಡು ಅಂದರು. ತಾಮ್ರ 63.5, ಗಂಧಕ 32, ನಾಲ್ಕು ಆಕ್ಸಿಜನ್ 64, ಒಟ್ಟು 159.5. ಹತ್ತನೇ ಒಂದು ಪಾಲು, 15.95 ಗ್ರಾಂ, ತೂಗಿ ಕರಗಿಸಿದೆ. ಬಾಟಲಿಯ ಮೇಲೆ ‘ಪೆಂಟಾಹೈಡ್ರೇಟ್’ ಅಂತ ಬರೆದಿತ್ತು, ಓದಿಯೂ ಇದ್ದೆ. ಒಂದೊಂದು ಕಾಪರ್ ಸಲ್ಫೇಟಿಗೂ ಐದು ನೀರಿನ ಅಣು ಅಂಟಿಕೊಂಡಿರುತ್ತವೆ. ಐದು ಹದಿನೆಂಟಲಿ 90. ಅದೂ ಸೇರಿದರೆ 249.5, ತೂಗಬೇಕಿದ್ದದ್ದು 24.95 ಗ್ರಾಂ. ನನ್ನ ದ್ರಾವಣ 0.1 ಆಗದೆ 0.064 ಆಗಿತ್ತು. ಅದನ್ನೇ ನಂಬಿ ಹೈಪೋ (ಅಳತೆಗೆ ಬಳಸುವ ಸೋಡಿಯಂ ಥಯೋಸಲ್ಫೇಟ್) ದ್ರಾವಣದ ಸಾಮರ್ಥ್ಯ ಲೆಕ್ಕ ಕಟ್ಟಿದರು. ಅದು ನಿಜವಾಗಿ ಇದ್ದದ್ದರ ಸುಮಾರು ಒಂದೂವರೆ ಪಟ್ಟು ಬಂತು. ಆ ಹೈಪೋದಿಂದ ಮಾಡಿದ ಮೂರು ದಿನದ ರೀಡಿಂಗ್ ಎಲ್ಲ ಹಾಳು. ಪ್ರೊಬೇಷನ್ ಮುಗಿಯುವ ಮೊದಲೇ ಮನೆಗೆ ಕಳಿಸಿದರು.

ನೋಡಿ, ನನ್ನ ಸೂತ್ರ ಸರಿ ಇತ್ತು, ಭಾಗಾಕಾರವೂ ಸರಿ ಇತ್ತು. ‘ಯಾವುದರ ಮೋಲ್?’ ಅಂತ ಕೇಳಿಕೊಳ್ಳಲಿಲ್ಲ, ಅಷ್ಟೇ. ಮೋಲ್‌ನ 1971ರ ಅಂತರರಾಷ್ಟ್ರೀಯ ವ್ಯಾಖ್ಯೆಯಲ್ಲೇ ಈ ಮಾತಿದೆ: ಮೋಲ್ ಅಂದಾಗ ಅದು ಪರಮಾಣುವೋ, ಅಣುವೋ, ಅಯಾನೋ ಹೇಳಲೇಬೇಕು. ಆಕ್ಸಿಜನ್ ಪರಮಾಣು ಒಂದು ಮೋಲ್ 16 ಗ್ರಾಂ, ಆಕ್ಸಿಜನ್ ಅನಿಲ ಒಂದು ಮೋಲ್ 32 ಗ್ರಾಂ. ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಗೆ ಹೋಗಿ ಕೆಜಿಗೆ ಎಷ್ಟು ಗೂಡು ಅಂತ ಕೇಳಿ. ತಳಿ ಯಾವುದು, ಬೈವೋಲ್ಟೀನೋ ಮಿಶ್ರತಳಿಯೋ ಅಂತ ತಿರುಗಿ ಕೇಳದೆ ಯಾರೂ ಉತ್ತರ ಹೇಳುವುದಿಲ್ಲ; ತಳಿ ಬದಲಾದರೆ ಒಂದು ಗೂಡಿನ ತೂಕವೂ ಬದಲು. ಮೋಲಾರ್ ರಾಶಿಯ ಕೆಲಸವೂ ಅದೇ, ತೂಗಿ ಎಣಿಸುವುದು. ‘ಮೋಲ್ ಅಂದರೆ ಡಜನ್ ಇದ್ದ ಹಾಗೆ’ ಅನ್ನುವ ಪಾಠ ನನಗೆ ಹಿಡಿಸುವುದಿಲ್ಲ. ಅದು ಎಣಿಕೆ ಹೇಳುತ್ತದೆ, ತಕ್ಕಡಿಯನ್ನು ಮರೆಸುತ್ತದೆ.

ಈಗ ನಾನೇ ಪಾಠ ಹೇಳುತ್ತೇನೆ. ಮೊದಲ ದಿನ ಪ್ರನಾಳದಲ್ಲಿ ಚೂರು ಮೈಲುತುತ್ತ ಹಾಕಿ ಕಾಯಿಸುತ್ತೇನೆ. ನೀಲಿ ಮಾಸಿ ಬೂದುಬಿಳಿ ಪುಡಿಯಾಗುತ್ತದೆ, ಪ್ರನಾಳದ ಬಾಯಿಯ ಹತ್ತಿರ ಹನಿ ಕಟ್ಟುತ್ತದೆ. ಆರಿದ ಮೇಲೆ ಒಂದು ತೊಟ್ಟು ನೀರು ಬಿಟ್ಟರೆ ನೀಲಿ ವಾಪಸ್. ಆಮೇಲೆ ಲೆಕ್ಕ: 90 ಭಾಗಿಸು 249.5, ಶೇಕಡಾ 36 ನೀರು. ತಾಮ್ರ ಶೇಕಡಾ 25ರ ಆಸುಪಾಸು. ಅಪ್ಪ ಕಲಸಿದ ಆ ಒಂದು ಕೆಜಿಯಲ್ಲಿ ತಾಮ್ರಕ್ಕಿಂತ ನೀರೇ ಹೆಚ್ಚು!

ಇವತ್ತು ರಾತ್ರಿ ಇದೊಂದು ಮಾಡಿ. ವಾಷಿಂಗ್ ಸೋಡಾ ಹರಳಿನಲ್ಲಿ ಒಂದು ಸೋಡಿಯಂ ಕಾರ್ಬೊನೇಟಿಗೆ ಹತ್ತು ನೀರಿನ ಅಣು. ಸೋಡಿಯಂ 23, ಕಾರ್ಬನ್ 12. ಒಂದು ಮೋಲ್ ಎಷ್ಟು ಗ್ರಾಂ, ಅದರಲ್ಲಿ ನೀರು ಶೇಕಡಾ ಎಷ್ಟು? ಕೆಳಗೆ ಬರೆಯಿರಿ, ನೋಡಿ ಹೇಳುತ್ತೇನೆ.