ಗ್ಯಾರೇಜ್ ಪ್ರಶ್ನೋತ್ತರ: ಟೈರಾಡ್ ಎಂಡ್ ಹಟ ಹಿಡಿದಾಗ

ಪ್ರಶ್ನೆ: ನಮ್ಮದು 1986ರ ಪ್ರೀಮಿಯರ್ ಪದ್ಮಿನಿ. ಸ್ಟೇರಿಂಗ್‌ನಲ್ಲಿ ಪ್ಲೇ (ಸಡಿಲ) ಜಾಸ್ತಿ. ಟೈರಾಡ್ ಎಂಡ್ (ಚಕ್ರ ತಿರುಗಿಸುವ ರಾಡಿನ ತುದಿಯ ಬಾಲ್ ಜಾಯಿಂಟು) ಬದಲಿಸೋಣವೆಂದು ನಟ್ಟು ಬಿಚ್ಚಿದರೆ ಜಾಯಿಂಟು ಕದಲುತ್ತಲೇ ಇಲ್ಲ. ಸುತ್ತಿಗೆಯಿಂದ ಪಿನ್ನಿನ ತಲೆಗೆ ಹೊಡೆದು ಒಂದರ ಥ್ರೆಡ್ ಹಾಳಾಯಿತು. ಗ್ಯಾಸ್‌ನಲ್ಲಿ ಕಾಯಿಸಿ ತೆಗೆಯಬಹುದೇ? (ಓದುಗರು, ಹಾಸನ)

ಉತ್ತರ: ಬೆಂಕಿ ಬೇಡ. ಎಂಡ್ ಕೂತಿರುವ ಸ್ಟೇರಿಂಗ್ ಆರ್ಮ್ ಹದಗೊಳಿಸಿದ ಉಕ್ಕು. ಕಾಯಿಸಿದರೆ ಹದ ಹೋಗುತ್ತದೆ, ಅದು ಹೊರಗೆ ಕಾಣುವುದೂ ಇಲ್ಲ. ಪಕ್ಕದ ರಬ್ಬರ್ ಬೂಟು, ಗ್ರೀಸು ಸುಟ್ಟುಹೋಗುವುದು ಬೇರೆ.

ಬಾಲ್ ಜಾಯಿಂಟಿನ ಪಿನ್ನು ತುದಿಯ ಕಡೆಗೆ ಸಣ್ಣಗಾಗುತ್ತಾ ಹೋಗುತ್ತದೆ, ಅಂದರೆ ಟೇಪರ್. ಆರ್ಮಿನ ಕಣ್ಣಿನೊಳಗೆ (ತುದಿಯ ತೂತಿನೊಳಗೆ) ಅದು ಗೂಟ ಬಡಿದಂತೆ ಕೂತಿರುತ್ತದೆ. ನಟ್ಟು ಅದನ್ನು ಎಳೆದು ಕೂರಿಸಿದ್ದಷ್ಟೆ, ನಟ್ಟು ತೆಗೆದರೂ ಹಿಡಿತ ಹೋಗದು. ಆದ್ದರಿಂದ ಏಟು ಬೀಳಬೇಕಾದ್ದು ಪಿನ್ನಿಗಲ್ಲ, ಕಣ್ಣಿನ ಪಕ್ಕಕ್ಕೆ.

ಹಿಂದಿನ ರಾತ್ರಿಯೇ ಜಾಯಿಂಟನ್ನು ವೈರ್ ಬ್ರಷ್‌ನಿಂದ ಉಜ್ಜಿ, ತುಕ್ಕು ಬಿಡಿಸುವ ಎಣ್ಣೆ ಸಿಂಪಡಿಸಿ. ಮರುದಿನ ಹಿಂಚಕ್ರಕ್ಕೆ ಕಲ್ಲು ಕೊಟ್ಟು, ಚಕ್ರದ ನಟ್ಟುಗಳನ್ನು ನೆಲದ ಮೇಲಿರುವಾಗಲೇ ಸಡಿಲಿಸಿ, ಆಮೇಲೆ ಎತ್ತಿ ಸ್ಟ್ಯಾಂಡ್ ಮೇಲೆ ಇಳಿಸಿ. ಬರೀ ಜಾಕ್ ನಂಬಿ ಕೆಳಗೆ ತೂರಬೇಡಿ. ನಟ್ಟು ತಿರುಗದಂತೆ ಅಡ್ಡ ತೂರಿಸಿದ ಸ್ಪ್ಲಿಟ್ ಪಿನ್ನಿನ ಎರಡೂ ಕಾಲು ನೆಟ್ಟಗೆ ಮಾಡಿ ಎಳೆಯಿರಿ. ಮುರಿದು ಒಳಗೇ ಉಳಿದರೆ ಸಣ್ಣ ಡ್ರಿಲ್ ಹಾಕಿ ತೆಗೆಯಿರಿ. ಕ್ಯಾಸಲ್ ನಟ್ಟನ್ನು (ಆ ಪಿನ್ ಕೂರಲು ಸೀಳುಗಳಿರುವ ನಟ್ಟು) ಪೂರ್ತಿ ತೆಗೆಯದೆ ಎರಡು ಮೂರು ಸುತ್ತು ಸಡಿಲಿಸಿ ಅಲ್ಲೇ ಬಿಡಿ. ಟೇಪರ್ ಬಿಟ್ಟಾಗ ರಾಡು ಕೈ ಮೇಲೆ ಬೀಳದು.

ಈಗ ಕಣ್ಣಿನ ಒಂದು ಬದಿಗೆ ಭಾರದ ಸುತ್ತಿಗೆಯನ್ನು ಒತ್ತಿ ಹಿಡಿದು, ಎದುರು ಬದಿಗೆ ಸುಮಾರು 1 ಕಿಲೋ ಸುತ್ತಿಗೆಯಿಂದ ಚುರುಕಾಗಿ ಹೊಡೆಯಿರಿ. ಕಣ್ಣು ಒಂದು ಕ್ಷಣ ಅಂಡಾಕಾರಕ್ಕೆ ತಿರುಗಿ ಪಿನ್ನನ್ನು ಬಿಡುತ್ತದೆ, 'ಟಕ್' ಎಂಬ ಸದ್ದೂ ಕೇಳುತ್ತದೆ. ಪುಲ್ಲರ್ (ಸ್ಕ್ರೂ ತಿರುಗಿಸಿ ಜಾಯಿಂಟು ಕಳಚುವ ಸಾಧನ) ಇದ್ದರೆ ಇನ್ನೂ ಒಳ್ಳೆಯದು. ಅದನ್ನು ಬಿಗಿ ಮಾಡಿ, ಹಾಗೇ ಇಟ್ಟು ಕಣ್ಣಿಗೆ ಒಂದು ಏಟು ಕೊಡಿ. ಬರೀ ತಿರುಗಿಸುತ್ತಾ ಹೋದರೆ ಪುಲ್ಲರಿನ ಸ್ಕ್ರೂ ಹೋಗುತ್ತದೆ. ಮಧ್ಯೆ ಬಡಿದು ಬಿಡಿಸುವ ಸೀಳು ಫೋರ್ಕ್ ರಬ್ಬರ್ ಬೂಟನ್ನು ಹರಿಯುತ್ತದೆ, ಎಸೆಯುವ ಜಾಯಿಂಟಿಗೆ ಮಾತ್ರ ಸರಿ.

ಕೆಲವೊಮ್ಮೆ ನಟ್ಟಿನ ಜೊತೆ ಪಿನ್ನೂ ಸುತ್ತುತ್ತದೆ, ಅಂದರೆ ಟೇಪರ್ ಆಗಲೇ ಬಿಟ್ಟಿದೆ. ಜಾಯಿಂಟಿನ ಕೆಳಗೆ ಜಾಕ್ ಕೊಟ್ಟು ಪಿನ್ನನ್ನು ಕಣ್ಣಿನೊಳಕ್ಕೆ ಒತ್ತಿ ಹಿಡಿದರೆ ನಟ್ಟು ಬಿಚ್ಚುತ್ತದೆ.

ಎಂಡ್ ಅನ್ನು ರಾಡಿನಿಂದ ಬಿಚ್ಚುವ ಮೊದಲು ಎರಡು ಪಿನ್ನುಗಳ ಮಧ್ಯದ ದೂರವನ್ನು ಟೇಪಿನಲ್ಲಿ ಅಳೆದು ಬರೆದುಕೊಳ್ಳಿ, ಬಿಚ್ಚುವಾಗ ಸುತ್ತು ಎಣಿಸಿ. ರಾಡಿನ ಒಂದು ತುದಿ ಎಡ ಥ್ರೆಡ್ (ಉಲ್ಟಾ ತಿರುಗಿಸಿ ಬಿಚ್ಚುವುದು), ಇನ್ನೊಂದು ಬಲ. ಬರುತ್ತಿಲ್ಲವೆಂದು ಜೋರು ಮಾಡುವ ಮುನ್ನ ಯಾವ ಕಡೆ ತಿರುಗಿಸುತ್ತಿದ್ದೀರಿ ನೋಡಿಕೊಳ್ಳಿ. ಎಡ-ಬಲ ರಾಡುಗಳ ಉದ್ದ ಹೆಚ್ಚುಕಡಿಮೆಯಾದರೆ ಗಾಡಿ ನೇರ ಓಡುವಾಗ ಸ್ಟೇರಿಂಗ್ ಬಾಕ್ಸ್ (ಸ್ಟೇರಿಂಗ್ ತಿರುಗಿಸಿದ್ದನ್ನು ರಾಡುಗಳಿಗೆ ದಾಟಿಸುವ ಗೇರು ಪೆಟ್ಟಿಗೆ) ತನ್ನ ತಿರುಗುವಿಕೆಯ ಮಧ್ಯದಲ್ಲಿರುವುದಿಲ್ಲ. ಬಾಕ್ಸಿನ ಒಳಗೆ ಸಡಿಲ ಅತಿ ಕಡಿಮೆ ಇರುವುದು ಮಧ್ಯದಲ್ಲೇ. ಹೊಸ ಎಂಡ್ ಹಾಕಿದ ಮೇಲೂ ಪ್ಲೇ ಹೋಗಲಿಲ್ಲ ಎಂಬ ದೂರಿಗೆ ಇದೂ ಒಂದು ಕಾರಣ.

ಕೂರಿಸುವಾಗ ಟೇಪರ್‌ಗೆ ಗ್ರೀಸ್ ಹಚ್ಚಬೇಡಿ, ಒರೆಸಿ ಒಣಗಿದ್ದಾಗಲೇ ಕೂರಿಸಿ. ನಟ್ಟು ಬಿಗಿಯಾದ ಮೇಲೆ ಸ್ಪ್ಲಿಟ್ ಪಿನ್ನಿನ ತೂತು ಹೊಂದದಿದ್ದರೆ ಇನ್ನಷ್ಟು ಬಿಗಿ ಮಾಡಿ, ಹಿಂದಕ್ಕೆ ತಿರುಗಿಸಬೇಡಿ. ಸ್ಪ್ಲಿಟ್ ಪಿನ್ ಹೊಸದೇ ಇರಲಿ. ಅಲ್ಲಿಂದ ನೇರ ಅಲೈನ್‌ಮೆಂಟಿಗೆ ಹೋಗಿ.

ಅಂದಹಾಗೆ, ಪ್ಲೇ ಎಲ್ಲಿದೆ ಎಂದು ನೋಡಿದ್ದೀರಾ? ಚಕ್ರಗಳು ನೆಲದ ಮೇಲಿರಲಿ. ಒಬ್ಬರು ಸ್ಟೇರಿಂಗನ್ನು ಆಚೀಚೆ ಸ್ವಲ್ಪವೇ ಅಲ್ಲಾಡಿಸಲಿ, ಇನ್ನೊಬ್ಬರು ಒಂದೊಂದೇ ಜಾಯಿಂಟಿನ ಮೇಲೆ ಬೆರಳಿಟ್ಟು ನೋಡಲಿ. ಸವೆದ ಜಾಯಿಂಟಿನ ಸಡಿಲ ಬೆರಳಿಗೆ ತಿಳಿಯುತ್ತದೆ. ಸ್ಟೇರಿಂಗ್ ಬಾಕ್ಸಿನ ಎದುರು ಬದಿಯಲ್ಲಿ ರಾಡುಗಳನ್ನು ಹಿಡಿದಿರುವ ಐಡ್ಲರ್ ಆರ್ಮಿನ ಬುಷ್ ಬಿಟ್ಟುಬಿಡಬೇಡಿ.

ಪ್ರಶ್ನೆ: ಅದೇ ಬಗೆಯ ಗಾಡಿ. ಸ್ಟೇರಿಂಗ್ ಬಾಕ್ಸಿನಿಂದ ಡ್ರಾಪ್ ಆರ್ಮ್ (ಬಾಕ್ಸಿನ ಶಾಫ್ಟಿಗೆ ಕೂರುವ ತೋಳು) ಕಳಚಬೇಕು. ಅದಕ್ಕೂ ಸುತ್ತಿಗೆಯೇ? (ಓದುಗರು, ಮಂಡ್ಯ)

ಉತ್ತರ: ಇಲ್ಲಿ ಸುತ್ತಿಗೆ ದೂರವಿರಲಿ. ಆರ್ಮಿಗೆ ಬಿದ್ದ ಏಟು ಶಾಫ್ಟ್ ಮೂಲಕ ಬಾಕ್ಸಿನೊಳಕ್ಕೆ ಹೋಗಿ ಹಲ್ಲು, ಬೇರಿಂಗಿಗೆ ಪೆಟ್ಟು ಮಾಡುತ್ತದೆ. ಮೊದಲು ಶಾಫ್ಟಿನ ತುದಿಗೂ ಆರ್ಮಿಗೂ ಸೇರಿಸಿ ಪಂಚ್‌ನಿಂದ ಗುರುತು ಹಾಕಿ. ಒಂದು ಹಲ್ಲು ತಪ್ಪಿ ಕೂತರೂ ಗಾಡಿ ಒಂದು ಕಡೆ ಕಡಿಮೆ ತಿರುಗುತ್ತದೆ. ದೊಡ್ಡ ನಟ್ಟು ತೆಗೆದು, ಎರಡು ಕಾಲಿನ ಗಟ್ಟಿ ಪುಲ್ಲರ್ ಹಾಕಿ, ಬಿಗಿ ಮಾಡಿ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಬಿಗಿ ಮಾಡಿ.

ಪ್ರಶ್ನೆ: ಸವೆದ ಎಂಡ್ ಅನ್ನು ಲೇತ್‌ನವರು ಒತ್ತಿ ಬಿಗಿ ಮಾಡಿಕೊಡುತ್ತಾರಂತೆ. ಹಾಕಬಹುದೇ? (ಓದುಗರು, ದಾವಣಗೆರೆ)

ಉತ್ತರ: ಹಾಕಬೇಡಿ. ಜಾಯಿಂಟಿನ ಒಳಗಿನ ಗುಂಡು ಸವೆದು ಅಂಕುಡೊಂಕಾಗಿರುತ್ತದೆ. ಒತ್ತಿದರೆ ಒಂದು ಜಾಗದಲ್ಲಿ ಬಿಗಿ, ಇನ್ನೊಂದರಲ್ಲಿ ಸಡಿಲ. ಗುಂಡು ಕೂರುವ ಸಾಕೆಟ್ ಬಾಯಿ ಬಿಟ್ಟರೆ ಆ ಬದಿಯ ಚಕ್ರ ನಿಮ್ಮ ಮಾತು ಕೇಳದು.

ಪ್ರಶ್ನೆ: ಅಂಬಾಸಡರ್‌ಗೂ ಇದೇ ಕ್ರಮವೇ? (ಓದುಗರು, ತುಮಕೂರು)

ಉತ್ತರ: ಹೊರಗಿನ ಎಂಡ್ ಕಳಚುವುದು ಹೀಗೆಯೇ. ಆದರೆ ಅದರಲ್ಲಿ ಇರುವುದು ರ್‍ಯಾಕ್ ಅಂಡ್ ಪಿನಿಯನ್ (ಹಲ್ಲಿನ ಸರಳು, ಅದನ್ನು ಸರಿಸುವ ಸಣ್ಣ ಗೇರು), ಡ್ರಾಪ್ ಆರ್ಮೂ ಇಲ್ಲ, ಐಡ್ಲರೂ ಇಲ್ಲ. ರಾಡು ತಿರುಗಿಸುವ ಮುನ್ನ ರಬ್ಬರ್ ಬೆಲ್ಲೋಸಿನ (ಮಡಿಕೆಯ ಮುಚ್ಚಳ ಚೀಲದ) ಹೊರ ಕ್ಲಿಪ್ ಸಡಿಲಿಸಿ, ಇಲ್ಲವಾದರೆ ಅದು ತಿರುಚಿಕೊಂಡು ಹರಿಯುತ್ತದೆ. ಹರಿದರೆ ಒಳಗಿನ ಎಣ್ಣೆ ಸೋರಿ ಧೂಳು ಹೊಕ್ಕು, ಎಂಡ್‌ನ ಖರ್ಚು ರ್‍ಯಾಕಿನ ಖರ್ಚಾಗುತ್ತದೆ.